ಸಂಜೆ ಏಳೂವರೆಯ ರೋಲ್ ಕಾಲ್

ಸೈನ್ಯದ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್‌ನಿಂದ ಹವಾಲ್ದಾರನಾಗಿ ಪೆನ್ಷನ್ ಬಂದಾಗ ನನಗೆ ನಲವತ್ತಮೂರು ವರ್ಷ. ಸಕಲೇಶಪುರದ ಹತ್ತಿರ ಸ್ವಲ್ಪ ಕಾಫಿ ತೋಟ ಇದೆ, ಮನೆ ಇದೆ, ಹೆಂಡತಿ ಮಕ್ಕಳು ಚೆನ್ನಾಗಿದ್ದಾರೆ. ಬೇರೇನು ಬೇಕು ಅಂತ ಊರಿನವರು ಕೇಳುತ್ತಿದ್ದರು. ಬೇಕಾಗಿದ್ದದ್ದು ಏನು ಅಂತ ಹೇಳಲು ನನಗೂ ಆಗ ಬರುತ್ತಿರಲಿಲ್ಲ. ಬೆಳಗ್ಗೆ ಪಿಟಿ, ಆಮೇಲೆ ಸಾಲಾಗಿ ನಿಲ್ಲುವ ಫಾಲಿನ್, ಹೊತ್ತಿಗೆ ಸರಿಯಾಗಿ ಲಂಗರ್‌ನಲ್ಲಿ ಊಟ, ಸಂಜೆ ರೋಲ್ ಕಾಲ್. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಯಾರೋ ಒಬ್ಬರು ದಿನಾ ಸಂಜೆ ನಾನು ಇದ್ದೀನಾ ಇಲ್ವಾ ಅಂತ ನೋಡುತ್ತಿದ್ದರು. ಊರಿಗೆ ಬಂದ ಮೇಲೆ ಅದು ನಿಂತುಹೋಯಿತು. ನನ್ನ ಮನಸ್ಸನ್ನು ಸರಿಯಾಗಿ ಇಟ್ಟಿದ್ದು ಅದೇ ಅಂತ ನಿಧಾನಕ್ಕೆ ಗೊತ್ತಾಯಿತು.

ಹಾಗಾಗಿ ಮೊದಲು ಕಟ್ಟಿಕೊಂಡದ್ದು ರೋಲ್ ಕಾಲ್. ಜೊತೆಯಲ್ಲಿ ಕೆಲಸ ಮಾಡಿದ ಕೆಲವರು ಸೇರಿದೆವು. ಹಾಸನದವರು, ಅರಸೀಕೆರೆಯವರು, ವೆಲ್ಲೂರು, ಚಿತ್ತೂರಿನವರು. ಫೌಜಿನಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡುತ್ತಾರಲ್ಲ, ಹಾಗೇ ಜೋಡಿ ಮಾಡಿಕೊಂಡೆವು. ಸಂಜೆ ಏಳೂವರೆಗೆ ಒಬ್ಬ ಇನ್ನೊಬ್ಬನಿಗೆ ಫೋನ್ ಮಾಡಬೇಕು. ಮೆಸೇಜ್ ನಡೆಯುವುದಿಲ್ಲ. ಗುಡ್ ಮಾರ್ನಿಂಗ್ ಚಿತ್ರ ಕಳಿಸಿದರೆ ಆ ಕಡೆಯವನು ಹೇಗಿದ್ದಾನೆ ಅಂತ ಏನು ಗೊತ್ತಾಗುತ್ತದೆ? ದನಿ ಕೇಳಬೇಕು. ಮೂರೇ ಪ್ರಶ್ನೆ: ರಾತ್ರಿ ನಿದ್ದೆ ಬಂತಾ, ಊಟ ಆಯ್ತಾ, ಇವತ್ತು ಏನು ಕೆಲಸ ಮಾಡಿದೆ. ಫೋನ್ ಎತ್ತದಿದ್ದರೆ ಮನೆಯವರ ನಂಬರಿಗೆ ಮಾಡಬೇಕು.

ಈ ಮೂರೇ ಯಾಕೆ ಅಂದರೆ, ನಮ್ಮವರು ಯಾರೂ 'ಮನಸ್ಸಿಗೆ ಬೇಜಾರು' ಅನ್ನುವುದಿಲ್ಲ. 'ನಿದ್ದೆ ಬರ್ತಿಲ್ಲ' ಅನ್ನುತ್ತಾರೆ, 'ಹೊಟ್ಟೆ ಸರಿಯಿಲ್ಲ' ಅನ್ನುತ್ತಾರೆ. ನನ್ನ ಜೋಡಿ ಒಂದು ಸಲ ಮೂರನೇ ಪ್ರಶ್ನೆಗೆ ದಿನವೂ 'ಸುಮ್ನೆ ಕೂತಿದ್ದೆ' ಅನ್ನಲು ಶುರು ಮಾಡಿದ. ಮೊದಮೊದಲು ಮಳೆಗಾಲ, ಕೆಲಸ ಇರಲಿಕ್ಕಿಲ್ಲ ಅಂದುಕೊಂಡೆ. ಅದೇ ಮಾತು ಮುಂದುವರಿದಾಗ ಬಸ್ ಹತ್ತಿ ಅವನ ಊರಿಗೆ ಹೋದೆ. ಗಡ್ಡ ಬಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದ. ನನ್ನನ್ನು ನೋಡಿ ಮೊದಲು ಮಾಡಿದ ಕೆಲಸ ಎದ್ದು ಹೋಗಿ ಶೇವ್ ಮಾಡಿಕೊಂಡು ಬಂದದ್ದು. ಆ ರಾತ್ರಿ ತುಂಬ ಮಾತಾಡಿದೆವು. ಆಮೇಲೆ ಅವನು ಡಾಕ್ಟರ ಹತ್ತಿರವೂ ಹೋದ. ಈಗ ಕೋಳಿ ಸಾಕಿದ್ದಾನೆ. ಏಳೂವರೆಗೆ ನಾನು ಎರಡು ನಿಮಿಷ ತಡ ಮಾಡಿದರೆ ಅವನೇ ಮಾಡುತ್ತಾನೆ.

ಎರಡನೆಯದು ಬೆಳಗಿನ ನಡಿಗೆ. ನಡೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹೇಗೆ ನಡೆಯಬೇಕು ಅನ್ನುವುದೇ ದೊಡ್ಡ ವಿಷಯವಾಗಿತ್ತು. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಸೈನ್ಯವನ್ನು ಗಡಿಗೆ ಕಳಿಸಿದ ಆಪರೇಷನ್ ಪರಾಕ್ರಮ್ ಶುರುವಾಯಿತು. ಪಶ್ಚಿಮ ಗಡಿಯ ಉದ್ದಕ್ಕೂ ಮೈನ್, ಅಂದರೆ ನೆಲಬಾಂಬ್, ಹೂತರು. ಸೈನ್ಯ ವಾಪಸ್ ಬಂದ ಮೇಲೆ ಅವನ್ನು ತೆಗೆಯುವುದು ಸ್ಯಾಪರ್‌ಗಳ ಕೆಲಸ. ರಾಜಸ್ಥಾನದ ಕಡೆ ಮರಳು ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ನಕ್ಷೆಯಲ್ಲಿ ಇರುವ ಕಡೆ ಮೈನ್ ಇರುವುದಿಲ್ಲ. ಮಂಡಿಯೂರಿ, ಕಂಬಿಯನ್ನು ಓರೆಯಾಗಿ ಮೆಲ್ಲಗೆ ಚುಚ್ಚುತ್ತಾ, ಗೇಣು ಗೇಣಾಗಿ ಮುಂದೆ ಹೋಗಬೇಕು. ಅಲ್ಲಿ ಕಣ್ಣು ನೆಲ ಬಿಟ್ಟು ಮೇಲೆ ಎದ್ದರೆ ಜೀವಕ್ಕೇ ಅಪಾಯ. ತೋಟಕ್ಕೆ ಬಂದ ಮೇಲೂ ನನ್ನ ಕಣ್ಣು ನೆಲದಲ್ಲೇ ಇರುತ್ತಿತ್ತು. ಒಣ ಎಲೆ ಮುಚ್ಚಿದ ಜಾಗದಲ್ಲಿ ಕಾಲಿಡಲು ಮೈ ಒಪ್ಪುತ್ತಿರಲಿಲ್ಲ. ಕಾಫಿ ತೋಟದಲ್ಲಿ ಒಣ ಎಲೆ ಇಲ್ಲದ ಜಾಗ ಎಲ್ಲಿದೆ?

ಅದಕ್ಕೆ ಒಂದು ಅಭ್ಯಾಸ ಮಾಡಿಕೊಂಡೆ. ಒಂದು ಸಿಲ್ವರ್ ಮರದಿಂದ ಇನ್ನೊಂದಕ್ಕೆ ನಡೆಯುವುದು. ನಡೆಯುವಾಗ ಕಣ್ಣು ಮುಂದಿನ ಮರದ ತುದಿಯ ಮೇಲೆ. ಮರ ತಲುಪಿದ ಮೇಲೆ ತೊಗಟೆ ಮುಟ್ಟಬೇಕು, ಹಬ್ಬಿದ ಮೆಣಸಿನ ಬಳ್ಳಿಯ ಎಲೆ ನೋಡಬೇಕು, ಉಸಿರು ನಿಧಾನ ಬಿಡಬೇಕು, ಆಮೇಲೆ ಮುಂದಿನ ಮರ. ಮೊದಮೊದಲು ಮನೆ ಹತ್ತಿರದ ಸಾಲು ಮಾತ್ರ. ಈಗ ಹಳ್ಳದವರೆಗೂ ಹೋಗುತ್ತೇನೆ. ಜೋರು ಮಳೆಗಾಲದಲ್ಲಿ ಇಂಬಳದ ಕಾಟ, ಆಗ ಟಾರ್ ರಸ್ತೆಯೇ ಸರಿ.

ಸದ್ದಿನ ವಿಷಯ ಬೇರೆ. ನಮ್ಮ ಕಡೆ ಪಟಾಕಿ ದೀಪಾವಳಿಗೆ ಮಾತ್ರ ಅಲ್ಲ. ಗದ್ದೆ ಬೆಳೆದು ನಿಂತಾಗ ಆನೆ ಓಡಿಸಲು ನಡುರಾತ್ರಿ ಹೊಡೆಯುತ್ತಾರೆ. ಹೊಡೆಯಬೇಡಿ ಅನ್ನಲು ಆಗುತ್ತದಾ? ಅವರ ವರ್ಷದ ಅನ್ನ ಅದು. ಪಕ್ಕದ ಗದ್ದೆಯ ಹುಡುಗರಿಗೆ ಒಂದೇ ಮಾತು ಕೇಳಿಕೊಂಡೆ, ಹಚ್ಚುವ ಮೊದಲು ಒಂದು ಮಿಸ್ಡ್ ಕಾಲ್ ಕೊಡಿ ಅಂತ. 'ಆಯ್ತಣ್ಣಾ, ಅದಕ್ಕೇನಂತೆ' ಅಂದರು, ಇವತ್ತಿಗೂ ಕೊಡುತ್ತಾರೆ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯ ಮೆಸೇಜ್ ಬಂದರೆ ಮಲಗುವ ಮೊದಲೇ ಓದಿಕೊಳ್ಳುತ್ತೇನೆ. ಬರುತ್ತದೆ ಅಂತ ಗೊತ್ತಿರುವ ಸದ್ದಿಗೆ ಮೈ ಅಷ್ಟು ಬೆಚ್ಚುವುದಿಲ್ಲ. ಎದೆ ಹೊಡೆದುಕೊಂಡರೂ ಬೇಗ ಇಳಿಯುತ್ತದೆ.

ಕುಡಿತದ ಬಗ್ಗೆ ನೇರವಾಗಿ ಹೇಳುತ್ತೇನೆ. ಸೈನ್ಯದ ಕ್ಯಾಂಟೀನಿನ ರಮ್ ಅಗ್ಗಕ್ಕೆ ಸಿಗುತ್ತದೆ, ನಮ್ಮಲ್ಲಿ ಎಷ್ಟೋ ಜನ ಅದನ್ನೇ ನಿದ್ದೆ ಮಾತ್ರೆ ಮಾಡಿಕೊಂಡಿದ್ದಾರೆ. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ, ನಿಜ. ಆದರೆ ರಾತ್ರಿಯ ಎರಡನೇ ಅರ್ಧ ಕೆಡುತ್ತದೆ. ಒಬ್ಬನೇ ಕೂತು ಕುಡಿಯುವುದಿಲ್ಲ, ನಿದ್ದೆಗಾಗಿ ಕುಡಿಯುವುದಿಲ್ಲ. ನನ್ನ ನಿಯಮ ಇಷ್ಟೇ.

ಇಷ್ಟೆಲ್ಲ ಮಾಡಿದರೂ ಸಾಲದ ದಿನಗಳು ಇರುತ್ತವೆ. ವಾರಗಟ್ಟಲೆ ನಿದ್ದೆ ಇಲ್ಲ, ಮಕ್ಕಳ ಮೇಲೆ ರೇಗಾಟ, ಬದುಕಿ ಏನು ಪ್ರಯೋಜನ ಅನ್ನುವ ಯೋಚನೆ, ಇವು ಬಂದರೆ ನಡಿಗೆ ಒಂದನ್ನೇ ನಂಬಿ ಕೂರಬೇಡಿ. ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ಗೆ ಹೋಗಿ, 'ನಿದ್ದೆ ಬರುತ್ತಿಲ್ಲ' ಅಂತಲೇ ಶುರು ಮಾಡಿ, ಮನೋವೈದ್ಯರಿಗೆ ರೆಫರ್ ಮಾಡಲು ಕೇಳಿ. ನಾನೂ ಹಾಗೇ ಹೋದವನು. ರಾತ್ರಿ ಹೊತ್ತಿನಲ್ಲಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದುಡ್ಡು ಬೇಡ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. 2023ರ ಡಿಸೆಂಬರ್‌ನಿಂದ ಸೈನ್ಯದವರಿಗೆ ಅಂತಲೇ ಪುಣೆಯ ಸೈನ್ಯದ ವೈದ್ಯಕೀಯ ಕಾಲೇಜು ಎಎಫ್‌ಎಂಸಿಯಲ್ಲಿ ಅದರ ಒಂದು ವಿಭಾಗವೂ ಶುರುವಾಗಿದೆ. ಇಸಿಎಚ್‌ಎಸ್ ಕಾರ್ಡ್ ಹೆಂಡತಿಯ ಹೆಸರಿನಲ್ಲೂ ಆಗುತ್ತದೆ. ನಮ್ಮ ಜೊತೆ ಅವರ ನಿದ್ದೆಯೂ ಕೆಟ್ಟಿರುತ್ತದೆ ಅಲ್ವಾ, ಡಾಕ್ಟರ ಹತ್ತಿರ ಅವರನ್ನೂ ಕರೆದುಕೊಂಡು ಹೋಗಿ.