ಪೈಪಿನಿಂದ ಹುಟ್ಟಿದ ಗಿಟಾರ್

ಯಾವುದೋ ಕೆಲಸದಲ್ಲಿ ಉಳಿದ ಕಬ್ಬಿಣದ ಪೈಪ್ ತುಂಡೊಂದು ಮೂಲೆಯಲ್ಲಿ ಬಿದ್ದಿತ್ತು. ಚೌಕದ್ದಲ್ಲ, 50 ಮಿ.ಮೀ. ಅಗಲ, 25 ಮಿ.ಮೀ. ಎತ್ತರದ್ದು. ಒಂದು ದಿನ ಸುಮ್ನೆ ಎತ್ತಿ ಎಡಗೈಲಿ ಹಿಡಿದೆ. ಗಿಟಾರಿನ ಕತ್ತು (ನೆಕ್) ಹಿಡಿದ ಹಾಗೇ ಇತ್ತು. ಅಲ್ಲಿಂದ ಶುರು.

ಆರು ತಂತಿ ಸೇರಿ ಸುಮಾರು 45 ಕಿಲೋ ಭಾರದಷ್ಟು ಎಳೆಯುತ್ತವೆ. ಮರದ ನೆಕ್ ಬಾಗದಿರಲಿ ಅಂತ ಒಳಗೆ ಟ್ರಸ್ ರಾಡ್ ಎಂಬ ಲೋಹದ ಸರಳು ಹಾಕುತ್ತಾರೆ. ಈ ಪೈಪಿಗೆ ಆ ಎಳೆತ ಲೆಕ್ಕಕ್ಕೇ ಇಲ್ಲ. ಬಿರಡೆಯಿಂದ ಕುದುರೆಯವರೆಗೂ ಒಂದೇ ಪೈಪ್ ಓಡಿಸಿ, ಎರಡೂ ಬದಿಗೆ 1.5 ಮಿ.ಮೀ. ಕಬ್ಬಿಣದ ಹಾಳೆಯಲ್ಲಿ ಡಬ್ಬಿ ಕಟ್ಟುವುದು ನನ್ನ ಪ್ಲಾನ್. ಹಾಳೆಯ ಮೇಲೆ ಸತುವಿನ ಲೇಪ ಇತ್ತು. ಅದನ್ನು ಪೂರ್ತಿ ಉಜ್ಜಿ ತೆಗೆದೆ. ಬೆಸೆಯುವಾಗ ಸತು ಸುಟ್ಟು ಬರುವ ಹೊಗೆ ಕುಡಿದರೆ ಜ್ವರ ಬಂದು ಮಲಗಬೇಕಾಗುತ್ತದೆ.

ತಂತಿ ಬಗ್ಗಿಸದ ಪೈಪನ್ನು ನನ್ನ ವೆಲ್ಡಿಂಗೇ ಬಗ್ಗಿಸಿತು. ಮುಂಭಾಗದ ಹಾಳೆಯನ್ನು ಪೈಪಿನ ಉದ್ದಕ್ಕೂ ಒಂದೇ ಉಸಿರಿಗೆ ಬೆಸೆದುಬಿಟ್ಟಿದ್ದೆ. ಸಾಲು ನೀಟಾಗಿ ಬಂದಿತ್ತು, ಖುಷಿಯಾಗಿತ್ತು. ಆರಿದ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿದರೆ ನಡುವೆ 3 ಮಿ.ಮೀ. ಸಂದು! ಕಾದ ಲೋಹ ಆರುವಾಗ ಕುಗ್ಗಿ, ಪೈಪಿನ ಎರಡೂ ತುದಿಯನ್ನು ತನ್ನ ಕಡೆಗೆ ಎಳೆದುಕೊಂಡಿತ್ತು. ಸುತ್ತಿಗೆ ಹಿಡಿಯುವ ಮನಸ್ಸಾಗಿತ್ತು, ತಡೆದುಕೊಂಡೆ. ಹಿಂಭಾಗದಲ್ಲಿ ಎರಡೆರಡು ಸೆಂ.ಮೀ. ಮಾತ್ರ ಬೆಸೆಯುವುದು, ಕೈ ಇಡುವಷ್ಟು ಆರಲು ಬಿಡುವುದು, ಸ್ಕೇಲ್ ಇಡುವುದು. ಒಂದಿಡೀ ಸಂಜೆ ಇದೇ ಕೆಲಸ. ಕುಗ್ಗುವ ಗುಣವೇ ಈಗ ನನ್ನ ಪರವಾಗಿ ಎಳೆಯಿತು. ಕೊನೆಗೆ ಉಳಿದ ಕೂದಲೆಳೆ ಸಂದನ್ನು, ಮೇಲೆ ಬೀಟೆ ಮರದ ಪಟ್ಟಿ ಅಂಟಿಸುವಾಗ ಎಪಾಕ್ಸಿ ನುಂಗಿಕೊಂಡಿತು.

ಫ್ರೆಟ್, ಅಂದರೆ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳ ಲೆಕ್ಕ ಸುಲಭ. ತಂತಿಯ ಉದ್ದ 648 ಮಿ.ಮೀ. ಇಟ್ಟುಕೊಂಡೆ. ಅದನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ 36.4 ಮಿ.ಮೀ.ಗೆ. ಉಳಿದ ಉದ್ದಕ್ಕೆ ಮತ್ತೆ ಅದೇ ಭಾಗಾಕಾರ. ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 324ಕ್ಕೆ ಬರಬೇಕು. ಗುರುತು ಹಾಕುವಾಗ ಮಾತ್ರ ಪ್ರತಿಯೊಂದನ್ನೂ ಬಿರಡೆ ಕಡೆ ತಂತಿ ಕೂರುವ ಪಟ್ಟಿ, ಅಂದರೆ ನಟ್‌ನಿಂದಲೇ ಅಳೆಯಿರಿ. ಒಂದು ಫ್ರೆಟ್‌ನಿಂದ ಮುಂದಿನದಕ್ಕೆ ಅಳೆಯುತ್ತಾ ಹೋದರೆ ತಪ್ಪು ಕೂಡುತ್ತಾ ಹೋಗುತ್ತದೆ.

ತಂತಿ ಕಟ್ಟಿ ಆಂಪ್ (ಆಂಪ್ಲಿಫೈಯರ್) ಹಾಕಿದೆ. ಕಂಬಳಿ ಹೊದ್ದು ಹಾಡಿದಂಥ ದನಿ! ತಂತಿಯ ಕಂಪನವನ್ನು ಅಯಸ್ಕಾಂತದಿಂದ ಹಿಡಿದು ಆಂಪ್‌ಗೆ ಕಳಿಸುವ ಪಿಕಪ್ಪನ್ನು ಹಾಳೆಯ ಕಿಂಡಿಗೆ ಬಿಗಿಯಾಗಿ ಕೂರಿಸಿದ್ದೇ ತಪ್ಪು. ತಂತಿಗೆ ಸಿಗಬೇಕಾದ ಅಯಸ್ಕಾಂತದ ಸೆಳೆತದಲ್ಲಿ ಅಕ್ಕಪಕ್ಕದ ಕಬ್ಬಿಣ ಪಾಲು ಕೇಳುತ್ತಿತ್ತು. ಅದರಲ್ಲಿ ಹುಟ್ಟುವ ಸುಳಿ ಕರೆಂಟು ಮೇಲಿನ ಸ್ವರಗಳ ಹೊಳಪನ್ನೂ ತಿನ್ನುತ್ತಿತ್ತು. ಪಿಕಪ್ ಸುತ್ತ 10 ಮಿ.ಮೀ. ಬಿಡುವು ಬರುವಂತೆ ಗ್ರೈಂಡರ್‌ನಲ್ಲಿ ಕಿಂಡಿ ದೊಡ್ಡದು ಮಾಡಿ, ಅಕ್ರಿಲಿಕ್ ತುಂಡಿನ ಮೇಲೆ ಅದನ್ನು ಕೂರಿಸಿದೆ. ದನಿ ಬಿಚ್ಚಿಕೊಂಡಿತು. ಡಬ್ಬಿಯೊಳಗೆ ಫೋಮ್ ತುರುಕಿದ ಮೇಲೆ ಆಂಪ್ ಕೂಗಾಡುವುದೂ ಕಡಿಮೆಯಾಯಿತು.

ಒಂದು ಎಚ್ಚರಿಕೆ: ಇಲ್ಲಿ ಇಡೀ ಗಿಟಾರೇ ಅರ್ತ್‌ಗೆ ಸೇರಿದೆ, ಅದು ನಿಮ್ಮ ತೊಡೆ ಮೇಲಿದೆ. ಆಂಪ್‌ನ ಪ್ಲಗ್ಗಿನಲ್ಲಿ ಅರ್ತ್ ಪಿನ್ ಮುರಿದಿದ್ದರೆ ಇದನ್ನು ಮುಟ್ಟಲೇಬೇಡಿ.

ತೂಕ ಐದೂವರೆ ಕಿಲೋ. ನಿಂತು ನುಡಿಸಿದರೆ ಹೆಗಲು ಬೈಯುತ್ತದೆ. ಚಳಿಯಲ್ಲಿ ಎತ್ತಿಕೊಂಡರೆ ಕೈ ಬಿಸಿಗೆ ತಂತಿ ಬೇಗ ಕಾದು ಶ್ರುತಿ ಇಳಿಯುತ್ತದೆ. ದಪ್ಪ ಪೈಪ್ ನಿಧಾನಕ್ಕೆ ಬೆಚ್ಚಗಾಗುತ್ತದೆ, ಶ್ರುತಿಯೂ ಹೆಚ್ಚುಕಡಿಮೆ ಮೊದಲಿನ ಜಾಗಕ್ಕೆ ಬರುತ್ತದೆ. ಎರಡೂ ಉಕ್ಕೇ ಅಲ್ವಾ? ಅದಕ್ಕೇ ಈಗ ಮೊದಲ ಹತ್ತು ನಿಮಿಷ ನಾನು ಬಿರಡೆ ಮುಟ್ಟುವುದಿಲ್ಲ.