ಖುಷ್ಕಿ ಜಮೀನಿಗೆ ಏನು ಹಾಕಬೇಕು: ಮಳೆ ನೆಚ್ಚಲಾಗದ ಕಾಲದ ಲೆಕ್ಕ

ಪಹಣಿಯಲ್ಲಿ ಜಮೀನನ್ನು ಖುಷ್ಕಿ (ಮಳೆಯನ್ನೇ ನಂಬಿದ ಹೊಲ), ತರಿ (ನೀರಾವರಿ ಗದ್ದೆ), ಬಾಗಾಯ್ತು (ತೋಟ) ಎಂದು ವಿಂಗಡಿಸಿರುತ್ತಾರೆ. ಶಿರಾ, ಪಾವಗಡ, ಹಿರಿಯೂರು, ಚಳ್ಳಕೆರೆ ಕಡೆಯ ಎಷ್ಟೋ ಹೊಲಗಳು ಹುಟ್ಟಿನಿಂದ ಖುಷ್ಕಿಯಾಗಿದ್ದು, ಕೊಳವೆಬಾವಿ ಬಂದಾಗ ತೋಟವಾಗಿ, ನೀರು ಬತ್ತಿದ ಮೇಲೆ ತೋಟವೂ ಅಲ್ಲದ ಹೊಲವೂ ಅಲ್ಲದ ಬೀಳು ನೆಲವಾಗಿ ನಿಂತಿವೆ. ವರ್ಷಕ್ಕೆ ಸುಮಾರು 600 ಮಿ.ಮೀ. ಅಥವಾ ಅದಕ್ಕೂ ಕಡಿಮೆ ಮಳೆ ಬೀಳುವ ಈ ಸೀಮೆಯಲ್ಲಿ ಯಾವ ತುಂಡಿಗೆ ಏನು ಹಾಕಬೇಕೆಂದು ತೀರ್ಮಾನಿಸುವ ಕ್ರಮವೊಂದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಮಾಡಬೇಕಾದದ್ದು ತೀರ್ಮಾನಗಳನ್ನೇ ಎರಡು ಪಾಲು ಮಾಡುವುದು. ಶೇಂಗಾ ಬದಲು ನವಣೆ ಬಿತ್ತಿ ಕೈಸುಟ್ಟುಕೊಂಡರೆ ಮುಂದಿನ ಹಂಗಾಮಿನಲ್ಲಿ ತಿದ್ದಿಕೊಳ್ಳಬಹುದು. ಅಡಿಕೆ ಅಥವಾ ತೆಂಗಿನ ಸಸಿ ನೆಟ್ಟರೆ, ಜಮೀನನ್ನು ದೀರ್ಘಕಾಲದ ಗುತ್ತಿಗೆಗೆ ಕೊಟ್ಟರೆ, ಅದು ಮಕ್ಕಳ ಕಾಲದವರೆಗೂ ಕಟ್ಟಿಹಾಕುತ್ತದೆ. ಮೊದಲನೆಯದನ್ನು ಆ ವರ್ಷದ ಮಳೆ ನೋಡಿ ನಿರ್ಧರಿಸಿದರೆ ಸಾಕು. ಎರಡನೆಯದನ್ನು ಮಾತ್ರ ನೆನಪಿನಲ್ಲಿರುವ ಅತಿ ಕೆಟ್ಟ ಬೇಸಿಗೆಯನ್ನು ಮುಂದಿಟ್ಟುಕೊಂಡೇ ನಿರ್ಧರಿಸಬೇಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಮರುವರ್ಷದ ಮುಂಗಾರು ಚೆನ್ನಾಗಿ ಆಯಿತು. ಆ ಒಳ್ಳೆಯ ಮಳೆಯ ಹುರುಪಿನಲ್ಲಿ ಸಸಿ ತರಲು ಹೊರಡುವವರು, 2024ರ ಏಪ್ರಿಲ್‌ನಲ್ಲಿ ತಮ್ಮ ಮೋಟಾರು ಎಷ್ಟು ಹೊತ್ತು ನೀರೆತ್ತಿ ಆಮೇಲೆ ಬರೀ ಗಾಳಿ ಉಗುಳುತ್ತಿತ್ತೆಂಬುದನ್ನು ಮೊದಲು ನೆನಪಿಸಿಕೊಳ್ಳುವುದು ಒಳಿತು.

ನೀರನ್ನು ‘ಎರಡು ಇಂಚು’ ‘ಮೂರು ಇಂಚು’ ಎಂಬ ಮಾತಿನಲ್ಲಿ ಅಳೆಯದೆ ಡ್ರಮ್ಮಿನಲ್ಲಿ ಅಳೆಯಬೇಕು. 200 ಲೀಟರ್ ಹಿಡಿಯುವ ಡ್ರಮ್ ಇಟ್ಟು, ಮೋಟಾರು ಒಂದು ಗಂಟೆ ಓಡಿದ ಮೇಲೆ, ಅದು ತುಂಬಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದುಕೊಳ್ಳಿ. ಕಾರ್ತಿಕದಲ್ಲಿ ಆರು ನಿಮಿಷಕ್ಕೆ ತುಂಬಿತೆಂದುಕೊಳ್ಳೋಣ: ಗಂಟೆಗೆ 2,000 ಲೀಟರ್, ಏಳು ಗಂಟೆ ತ್ರೀಫೇಸ್ ವಿದ್ಯುತ್ ಸಿಕ್ಕರೆ ದಿನಕ್ಕೆ 14,000 ಲೀಟರ್. ಒಂದು ಎಕರೆಯಲ್ಲಿ ಸುಮಾರು 550 ಅಡಿಕೆ ಗಿಡ, ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಗಿಡಕ್ಕೆ ದಿನಕ್ಕೆ 18 ಲೀಟರ್ ಎಂದರೂ ಬೇಕಾಗುವುದು 9,900 ಲೀಟರ್. ಕಾರ್ತಿಕದ ಲೆಕ್ಕಕ್ಕೆ ನೀರು ಧಾರಾಳವಾಗಿಯೇ ಇದೆ. ಅದೇ ಡ್ರಮ್ ಏಪ್ರಿಲ್‌ನಲ್ಲಿ ಹನ್ನೆರಡು ನಿಮಿಷ ತೆಗೆದುಕೊಂಡರೆ ದಿನಕ್ಕೆ ಸಿಗುವುದು 7,000 ಲೀಟರ್. ಸುಮಾರು 390 ಗಿಡಗಳಾಚೆಗಿನ ಉಳಿದ ಗಿಡಗಳು ಐದಾರು ವರ್ಷ ಸಾಕಿಸಿಕೊಂಡು ಫಸಲು ಕೊಡುವ ಹೊತ್ತಿಗೆ ಒಣಗುತ್ತವೆ. ಏಪ್ರಿಲ್ ಲೆಕ್ಕ ತೋರಿಸುವುದರ ಅರ್ಧಕ್ಕಿಂತ ಹೆಚ್ಚು ಗಿಡ ನೆಡಬಾರದೆಂಬುದು ನನ್ನ ಅಭಿಪ್ರಾಯ. ಪಕ್ಕದ ಹೊಲದವರು ನಾಳೆ ಸಾವಿರ ಅಡಿ ಕೊರೆಸುವುದನ್ನು ತಡೆಯುವವರು ಯಾರೂ ಇಲ್ಲವಾದ್ದರಿಂದ ಉಳಿದರ್ಧ ಆ ಲೆಕ್ಕಕ್ಕೆ ಹೋಗುತ್ತದೆ.

ಇನ್ನು ಮಳೆಯನ್ನೇ ನಂಬಿದ ತುಂಡುಗಳು. ಒಂದು ಎಕರೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರ್ ನೀರು. ಬಿರುಸು ಮಳೆ ಬರುವ ದಿನ ಗೊಪ್ಪೆ ಹಾಕಿಕೊಂಡು ಬದುವಿನ ಮೇಲೆ ನಿಂತು ನೋಡಿದರೆ, ಆ ನೀರು ಎಲ್ಲಿ ಇಂಗುತ್ತದೆ, ಯಾವ ಮೂಲೆಯಲ್ಲಿ ಬದು ಒಡೆದು ಕೆಂಪಗೆ ಹೊರಗೆ ಹರಿಯುತ್ತದೆ ಎಂಬುದು ಯಾವ ನಕ್ಷೆಗಿಂತಲೂ ಚೆನ್ನಾಗಿ ಕಾಣುತ್ತದೆ. ನೀರು ಬಂದು ಸೇರುವ ತಗ್ಗಿನ ಮೂಲೆ ಕೃಷಿ ಹೊಂಡದ ಜಾಗ. ಹೊಂಡ ತೆಗೆಸಿದರೆ ಒಂದಿಷ್ಟು ನೆಲ ಹೋಗುತ್ತದೆಂಬುದು ನಿಜವಾದರೂ, ತೆನೆ ಕಟ್ಟುವಾಗ ಮಳೆ ಕೈಕೊಟ್ಟರೆ ಕೊಡುವ ಒಂದೇ ಒಂದು ನೀರು ಆ ನೆಲದ ಬೆಲೆಯನ್ನು ತೀರಿಸುತ್ತದೆ.

ಮಳೆ ನಿಂತ ಮೂರನೆಯ ದಿನ ಪ್ರತಿ ತುಂಡಿನಲ್ಲೂ ಮೂರಡಿ ಆಳದ ಒಂದು ಗುಂಡಿ ತೆಗೆಯಿರಿ. ತೇವದ ಗೆರೆ ಎಲ್ಲಿಗೆ ನಿಂತಿದೆ, ಗರಸು (ಕಲ್ಲುಹರಳಿನ ಗಟ್ಟಿ ಪದರ) ಎಷ್ಟು ಅಡಿಗೆ ಸಿಗುತ್ತದೆ ಎಂಬುದನ್ನು ನೋಡಿ, ಗೆರೆಯ ಹತ್ತಿರದ ಮಣ್ಣನ್ನು ಹಿಡಿಯಲ್ಲಿ ಉಂಡೆ ಮಾಡಿ. ಉಂಡೆ ನಿಲ್ಲದೆ ಪುಡಿಯಾಗಿ ಬೆರಳ ಸಂದಿಯಿಂದ ಸೋರುವ, ಒಂದಡಿಗೇ ಗರಸು ಸಿಗುವ ಕಡೆ ನವಣೆ, ಸಾಮೆ, ಹುರುಳಿಯೇ ಸರಿ, ಅದೂ ಆಗದಿದ್ದರೆ ದನಕರುಗಳಿಗೆ ಮೇವು. ಮಣ್ಣು ಆಳವಾಗಿದ್ದರೆ ತೊಗರಿಗೂ, ಹುಣಸೆ, ನೇರಳೆ, ಸೀತಾಫಲದಂತಹ ಮರಗಳಿಗೂ ಅವಕಾಶವಿದೆ. ಮರದ ಸಾಲುಗಳ ನಡುವೆ ಮೊದಲ ಮೂರ್ನಾಲ್ಕು ವರ್ಷ ಎಂದಿನ ಬೆಳೆಯನ್ನೇ ತೆಗೆಯಬಹುದು.

ಯಾವಾಗ ಬಿತ್ತಬೇಕೆಂಬುದಕ್ಕೆ ಹಿರಿಯರು ನಕ್ಷತ್ರದ ಮಳೆಗಳನ್ನು ಆಧರಿಸುತ್ತಿದ್ದರು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆಯನ್ನು ಹಳಿಯಬೇಕಾಗಿಲ್ಲ. ಆದರೆ ಭರಣಿಗೆ ನೆಲ ಬಿತ್ತನೆಗೆ ಹದವಾಗಿ ಆರಿದ್ರಾ, ಪುನರ್ವಸು ಒಣಗಿದ ವರ್ಷಗಳನ್ನೂ ನಾವು ಕಂಡಿದ್ದೇವೆ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳ ಅಂಕಿಗಳು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತವೆ, ಅದರ ‘ವರುಣ ಮಿತ್ರ’ ಸಹಾಯವಾಣಿಯೂ ಇದೆ. ಆದರೂ ಊರ ಮುಂದೆ ಸುರಿದ ಮಳೆ ನಮ್ಮ ಹೊಲಕ್ಕೆ ಬರದೆ ಹೋಗುವುದುಂಟು. ಹೀಗಾಗಿ ಗೋಡೆ ನೆಟ್ಟಗಿರುವ ಒಂದು ಡಬ್ಬಿಯನ್ನು ಬಯಲಲ್ಲಿಟ್ಟು, ದಿನವೂ ಬೆಳಿಗ್ಗೆ ಅಳತೆಪಟ್ಟಿಯಿಂದ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿ. ಒಟ್ಟು ಮಳೆಗಿಂತ ಮುಖ್ಯವಾದದ್ದು 2.5 ಮಿ.ಮೀ.ಗಿಂತ ಹೆಚ್ಚು ಬಿದ್ದ ದಿನಗಳೆಷ್ಟು, ಎರಡು ಹದ ಮಳೆಗಳ ನಡುವೆ ಒಣಗಿದ ದಿನಗಳೆಷ್ಟು ಎಂಬುದು.

ಆ ಪುಸ್ತಕವನ್ನು ನೋಡಿಯೇ ತಳಿ ಆರಿಸಬೇಕು. ರಾಗಿಯಲ್ಲಿ ಜುಲೈಗೇ ಹದವಾದರೆ ಎಂಆರ್-6ರಂತಹ ದೀರ್ಘಾವಧಿ ತಳಿ, ಆಗಸ್ಟ್ ಮೊದಲಿಗೆ ಜಾರಿದರೆ ಜಿಪಿಯು-28, ಅದಕ್ಕೂ ತಡವಾದರೆ ನೂರು ದಿನದೊಳಗೆ ಬರುವ ಜಿಪಿಯು-48. ಜುಲೈ ಬಿತ್ತನೆಯಲ್ಲಿ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯಂತೆ ಅಕ್ಕಡಿ ಹಾಕಿದರೆ, ರಾಗಿ ಸೊರಗಿದರೂ ಹಿಂಗಾರಿನ ತೇವದಲ್ಲಿ ತೊಗರಿ ಚೇತರಿಸಿಕೊಳ್ಳುತ್ತದೆ. ಶೇಂಗಾಕ್ಕೆ ಬೀಜದ ಖರ್ಚೇ ದೊಡ್ಡದಾದ್ದರಿಂದ, ಇಂಥ ದಿನದವರೆಗೆ ಕಾದು ಆಮೇಲೆ ಹುರುಳಿಗೆ ಹೊರಳುತ್ತೇನೆಂದು ಮೊದಲೇ ಗೊತ್ತುಮಾಡಿಕೊಂಡು, ಹುರುಳಿ ಬೀಜವನ್ನೂ ಮನೆಯಲ್ಲಿ ಇಟ್ಟುಕೊಳ್ಳಬೇಕು. ಹೀಗೆ ಬೆಳೆ ಬದಲಾಯಿಸಿದಾಗ ವಿಮೆ ಮರೆಯಬಾರದು: ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳುಗಳಿಗೆ ರೈತರ ಪಾಲು ಶೇ 2 ಮಾತ್ರ, ಆದರೆ ವಿಮೆಯಲ್ಲಿ ಶೇಂಗಾ, ಸರ್ಕಾರದ ಬೆಳೆ ಸಮೀಕ್ಷೆಯಲ್ಲಿ ಹುರುಳಿ ಎಂದಿದ್ದರೆ ಪರಿಹಾರ ಕೈತಪ್ಪುತ್ತದೆ.

ಪಾವಗಡದ ರೈತರು ಹಿಡಿದ ದಾರಿ ಬೇರೆ. ಅಲ್ಲಿ ಸುಮಾರು 13,000 ಎಕರೆ ಸೌರ ವಿದ್ಯುತ್ ಪಾರ್ಕಿಗೆ ಗುತ್ತಿಗೆಗೆ ಹೋಯಿತು, ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ತಪ್ಪಿದ ಶೇಂಗಾ ಹೊಲಕ್ಕೆ ಇದು ನಿಶ್ಚಿತ ವರಮಾನ. ಆದರೆ ಆ ಹೊಲಗಳ ಕೂಲಿಯನ್ನೇ ನಂಬಿದ್ದ ಭೂರಹಿತರಿಗೆ ಕೆಲಸವೂ ಇಲ್ಲ, ಬಾಡಿಗೆಯೂ ಇಲ್ಲ. ಇಂತಹ ಒಪ್ಪಂದ ನಿಮ್ಮ ಊರಿಗೂ ಬಂದರೆ, ಸಹಿ ಹಾಕುವ ಮುನ್ನ ದರ ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ, ಅವಧಿ ಮುಗಿದ ಮೇಲೆ ಕಾಂಕ್ರೀಟು ಕಿತ್ತು ನೆಲ ಬಿಡಿಸಿಕೊಡುವ ಖರ್ಚು ಯಾರದು, ಅಲ್ಲಿಯವರೆಗೆ ದನ ಮೇಯಲು ಎಲ್ಲಿಗೆ ಹೋಗಬೇಕು ಎಂಬ ಮೂರನ್ನೂ ಕಾಗದದಲ್ಲಿ ಬರೆಸಿಕೊಳ್ಳಿ.