ಕೆಆರ್‌ಎಸ್ ನೀರಿನ ಲೆಕ್ಕಕ್ಕೆ ನಾನು ಮಾಡಿದ ಗ್ರಾಫ್

ಕೆಆರ್‌ಎಸ್ ಮಟ್ಟ ಮಂಡ್ಯ ಕಡೆಯವರಿಗೆ ಬಾಯಿಪಾಠ. 124.80 ಅಡಿ ಅಂದರೆ ತುಂಬಿತು ಅಂತ. ಒಳಹರಿವು, ಹೊರಹರಿವು ದಿನಾ ಪೇಪರಿನಲ್ಲಿ ಬರುತ್ತದೆ. ಆದರೆ ಇವತ್ತಿನ ಒಂದು ಅಂಕಿ ನೋಡಿ ಈ ವರ್ಷ ಹೇಗಿದೆ ಅಂತ ಹೇಳೋದು ಕಷ್ಟ. ಹೋದ ವರ್ಷ ಇದೇ ದಿನ ಎಷ್ಟಿತ್ತು, ಬರ ಬಿದ್ದ 2023ರಲ್ಲಿ ಎಷ್ಟಿತ್ತು ಅಂತ ಪಕ್ಕಪಕ್ಕ ಇಟ್ಟರೆ ಮಾತ್ರ ಅಂದಾಜು ಸಿಗುತ್ತದೆ. ಅದಕ್ಕೇ ಫೋನಿನಲ್ಲಿ ಬೆರಳಿಟ್ಟು ನೋಡುವಂಥ ಒಂದು ಗ್ರಾಫ್ ಮಾಡಿದೆ.

ಕೋಡ್ ಬರೆಯೋಕೆ ಮೊದಲು ಮದ್ದೂರು ಕಡೆ ಭತ್ತ, ಕಬ್ಬು ಬೆಳೆಯುವ ನಮ್ಮ ನೆಂಟರನ್ನು ಕೇಳಿದೆ. ಎಲ್ಲರದ್ದೂ ಒಂದೇ ಪ್ರಶ್ನೆ: "ನಾಲೆಗೆ ನೀರು ಬಿಡ್ತಾರಾ?" ಪೂರ್ತಿ ಬಿಡ್ತಾರೋ, ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ಬಿಡ್ತಾರೋ, ಅದನ್ನ ಗ್ರಾಫ್ ಹೇಳೋಕಾಗಲ್ಲ. ನೀರು ಎಷ್ಟಿದೆ ಅಂತ ಹೇಳಬಹುದು. ಇಡೀ ವಿನ್ಯಾಸ ಈ ಪ್ರಶ್ನೆ ಸುತ್ತಲೇ ಬೆಳೆಯಿತು.

ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಅಡಿಯ ಬಗ್ಗೆ. ಜನ ಮಾತಾಡೋದು ಅಡಿಯಲ್ಲಿ. ಆದರೆ ಜಲಾಶಯ ಬಾಣಲೆ ಥರ, ಮೇಲೆ ಹೋದಂತೆ ಅಗಲ ಆಗುತ್ತದೆ. ತುಂಬಿದಾಗ ಕೆಆರ್‌ಎಸ್‌ನಲ್ಲಿ 49.45 ಟಿಎಂಸಿ ನೀರು (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). 100 ಅಡಿ ಇದ್ದಾಗ ಸುಮಾರು 23 ಟಿಎಂಸಿ. ಅಂದರೆ ಎತ್ತರದಲ್ಲಿ ಶೇ 80 ಇದ್ದರೂ ನೀರು ಅರ್ಧ ಕೂಡ ಇರಲ್ಲ! ಅಡಿ ಲೆಕ್ಕದಲ್ಲಿ ಗೆರೆ ಎಳೆದರೆ ನೋಡೋರಿಗೆ ಸುಳ್ಳು ಧೈರ್ಯ ಕೊಟ್ಟ ಹಾಗೆ. ಇನ್ನೊಂದು ತೊಡಕು, ಕಬಿನಿ ಜಲಾಶಯವನ್ನೂ ಹೋಲಿಸೋಣ ಅಂದರೆ ಅದರ ಗರಿಷ್ಠ ಮಟ್ಟ 2284 ಅಡಿ, ಯಾಕೆಂದರೆ ಅದನ್ನು ಸಮುದ್ರ ಮಟ್ಟದಿಂದ ಅಳೆಯುತ್ತಾರೆ, ಎರಡನ್ನೂ ಒಂದೇ ಅಳತೆಪಟ್ಟಿ ಮೇಲೆ ಇಟ್ಟರೆ ಅರ್ಥವೇ ಇಲ್ಲ. ಹಾಗಾಗಿ ಗೆರೆ ಟಿಎಂಸಿಯಲ್ಲಿ ಎಳೆದೆ. ಬೆರಳಿಟ್ಟಾಗ ಆ ದಿನದ ಅಡಿಯೂ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಹಲವು ಜಲಾಶಯ ಹೋಲಿಸುವಾಗ ಮಾತ್ರ ಶೇಕಡಾ.

ಅಡ್ಡ ಗೆರೆ ಜೂನ್ 1ಕ್ಕೆ ಶುರು. ಜನವರಿಯಿಂದ ಶುರು ಮಾಡಿದರೆ ಒಂದೇ ಮಳೆಗಾಲದ ನೀರು ಎರಡು ತುಂಡಾಗುತ್ತದೆ. ಜೂನ್‌ನಿಂದ ಮೇ ತನಕ ಇಟ್ಟರೆ ಏರಿದ್ದು, ನಿಂತಿದ್ದು, ಇಳಿದಿದ್ದು ಎಲ್ಲ ಒಂದೇ ಓಟದಲ್ಲಿ ಕಾಣುತ್ತದೆ. 2025ರಲ್ಲಿ ಜೂನ್‌ನಲ್ಲೇ ತುಂಬಿದ್ದು ಎಡ ತುದಿಯಲ್ಲೇ ನೆಟ್ಟಗೆ ಮೇಲೇರಿದ ಗೆರೆಯಾಗಿ ಎದ್ದು ಕಾಣುತ್ತದೆ, 2023ರದ್ದು ಮೇಲಕ್ಕೆ ಮುಟ್ಟುವುದೇ ಇಲ್ಲ.

ಬಣ್ಣದಲ್ಲಿ ನಾನು ತುಂಬಾ ಕಂಜೂಸು. ಹಳೆ ವರ್ಷಗಳೆಲ್ಲ ತೆಳು ಬೂದು, ಈ ವರ್ಷ ಗಾಢ ನೀಲಿ, ನೀವು ಆರಿಸಿಕೊಂಡ ವರ್ಷ ಕಿತ್ತಳೆ. ಕೆಂಪು-ಹಸಿರು ಜೋಡಿ ಬೇಡ ಅಂದೆ, ಆ ಎರಡನ್ನು ಬೇರೆ ಮಾಡಿ ನೋಡಲಾಗದವರು ಬಹಳ ಜನ ಇದ್ದಾರೆ. ವರ್ಷಕ್ಕೊಂದು ಬಣ್ಣ ಕೊಟ್ಟರೆ ಸುಮ್ನೆ ಗೋಜಲು, ಅಲ್ವಾ?

ಗೆರೆ ಎಳೆಯೋಕೆ ಡಿ3 (ವೆಬ್ ಪುಟದಲ್ಲಿ ಗ್ರಾಫ್ ಬಿಡಿಸೋ ಕೋಡ್ ಲೈಬ್ರರಿ) ಬಳಸಿದೆ. ಕಂಪ್ಯೂಟರಿನಲ್ಲಾದರೆ ಮೌಸ್ ಹಾಯಿಸಿದರೆ ವಿವರ ಬರುತ್ತದೆ, ಫೋನಿನಲ್ಲಿ ಆ ಹಾಯಿಸೋದೇ ಇಲ್ಲ. ಸಣ್ಣ ಗೆರೆಗೆ ಸರಿಯಾಗಿ ಬೆರಳು ಇಡಿ ಅನ್ನೋದೂ ಅನ್ಯಾಯ. ಹಾಗಾಗಿ ಪರದೆ ಮೇಲೆ ಎಲ್ಲೇ ಬೆರಳಿಟ್ಟರೂ ಆ ತಾರೀಖು ಹಿಡಿಯುತ್ತದೆ, ಬೆರಳು ಜಾರಿಸಿದಂತೆ ದಿನ ಬದಲಾಗುತ್ತದೆ. ಅಂಕಿಗಳನ್ನು ಗ್ರಾಫಿನ ಮೇಲೆ ಒಂದೇ ಜಾಗದಲ್ಲಿ ಇಟ್ಟೆ. ಬೆರಳಿನ ಹತ್ತಿರ ಇಟ್ಟರೆ ಕೈಯೇ ಅಡ್ಡ ಬರುತ್ತದೆ.

ಅಂಕಿ ಸಿಗದ ದಿನಗಳಲ್ಲಿ ಗೆರೆಯನ್ನು ಕಡಿದು ಬಿಟ್ಟೆ. ಆಚೀಚೆ ದಿನ ನೋಡಿ ಸೇರಿಸಿದರೆ ಚಂದ ಕಾಣುತ್ತದೆ ನಿಜ, ಆದರೆ ಯಾರೂ ಅಳೆಯದ ನೀರನ್ನು ನಾವು ಸೃಷ್ಟಿ ಮಾಡಿದಂತೆ.

ಜನ ಜಾಸ್ತಿ ಬಳಸೋದು ಕೆಳಗಿನ ಸ್ಲೈಡರ್. ಒಳಹರಿವು ಕ್ಯೂಸೆಕ್‌ನಲ್ಲಿ ಬರುತ್ತದೆ, ಸಂಗ್ರಹ ಟಿಎಂಸಿಯಲ್ಲಿ, ಎರಡಕ್ಕೂ ಏನು ಸಂಬಂಧ ಅಂತ ತುಂಬಾ ಜನಕ್ಕೆ ಗೊತ್ತಿರಲ್ಲ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. 11,574 ಕ್ಯೂಸೆಕ್ ನೀರು ಇಪ್ಪತ್ನಾಲ್ಕು ಗಂಟೆ ಹರಿದರೆ ಒಂದು ಟಿಎಂಸಿ. ಒಳಹರಿವು, ಹೊರಹರಿವು ಎರಡನ್ನೂ ಸರಿಸಿ ನೋಡಿದರೆ ಮುಂದಿನ ಹತ್ತು ದಿನದ ಗೆರೆ ಚುಕ್ಕಿಚುಕ್ಕಿಯಾಗಿ ಬರುತ್ತದೆ. ಅದರ ಪಕ್ಕದಲ್ಲೇ "ಅಂದಾಜು" ಅಂತ ಬರೆದಿದ್ದೇನೆ. ಗೆರೆ ಗಟ್ಟಿಯಾಗಿದ್ದರೆ ಜನ ಅದನ್ನೇ ನಂಬಿ ನಾಟಿಗೆ ಇಳಿದಾರು.

ಕನ್ನಡ ಅಕ್ಷರದ ಬಗ್ಗೆಯೂ ಹೇಳಬೇಕು. ಗ್ರಾಫ್ ಪಕ್ಕದಲ್ಲಿ ಹೆಸರನ್ನು ಉದ್ದಕ್ಕೆ ತಿರುಗಿಸಿ ಬರೆಯೋ ಅಭ್ಯಾಸ ಇದೆಯಲ್ಲ, ಕನ್ನಡದಲ್ಲಿ ಅದನ್ನ ಓದೋಕೇ ಆಗಲ್ಲ. ಸಾಲುಗಳ ನಡುವೆ ಜಾಗ ಕಮ್ಮಿಯಾದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಎಲ್ಲ ಹೆಸರನ್ನೂ ಅಡ್ಡಕ್ಕೇ ಇಟ್ಟು, ಸಾಲಿನ ಅಂತರ ಹೆಚ್ಚಿಸಿದೆ.

ಈಗ ಹೇಮಾವತಿ, ಹಾರಂಗಿಯನ್ನೂ ಸೇರಿಸುತ್ತಿದ್ದೇನೆ. ನೀವು ಆರಿಸಿದ ಜಲಾಶಯ, ವರ್ಷ, ತಾರೀಖು ಎಲ್ಲ ಲಿಂಕ್‌ನಲ್ಲೇ ಉಳಿಯುವಂತೆ ಮಾಡಿದ್ದೇನೆ, ವಾಟ್ಸಾಪ್‌ನಲ್ಲಿ ಕಳಿಸಿದರೆ ಆ ಕಡೆಯವರಿಗೂ ಅದೇ ಗ್ರಾಫ್ ತೆರೆಯುತ್ತದೆ.